ಕಾಕು ಕಳೆದುಕೊಂಡ ಮಾತು

2025ರ ಜೂನ್ 12ರ ಮಧ್ಯಾಹ್ನ ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ನೆಲ ಬಿಟ್ಟ ಅರ್ಧ ನಿಮಿಷದಲ್ಲಿ ವೈದ್ಯ ವಿದ್ಯಾರ್ಥಿಗಳ ವಸತಿಗೃಹದ ಮೇಲೆ ಬಿದ್ದು ಉರಿದುಹೋಯಿತು. ಒಳಗಿದ್ದ 242 ಮಂದಿಯಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ, ನೆಲದ ಮೇಲಿದ್ದ 19 ಮಂದಿಯೂ ಮಡಿದರು. ತಿಂಗಳು ತುಂಬುವ ಹೊತ್ತಿಗೆ, ಜುಲೈ 12ರಂದು, ತನಿಖೆಯವರ ಪ್ರಾಥಮಿಕ ವರದಿ ಹೊರಬಿದ್ದಿತು. ಹದಿನೈದು ಪುಟಗಳ ವರದಿ. ಎಂಜಿನ್ನುಗಳಿಗೆ ಇಂಧನ ಹರಿಸುವ ಎರಡು ಸ್ವಿಚ್ಚುಗಳೂ ಒಂದು ಸೆಕೆಂಡಿನ ಅಂತರದಲ್ಲಿ, ಒಂದರ ಹಿಂದೊಂದು, ‘ರನ್’ ಸ್ಥಾನದಿಂದ ‘ಕಟ್‌ಆಫ್’ ಸ್ಥಾನಕ್ಕೆ ಹೋದುವೆಂದು ಅದರಲ್ಲಿ ಹೇಳಿತ್ತು. ಅದರ ಬೆನ್ನಿಗೇ ಎರಡು ಪುಟ್ಟ ವಾಕ್ಯಗಳಿದ್ದುವು: ಏಕೆ ಕಡಿದುದೆಂದು ಒಬ್ಬ ಚಾಲಕನು ಮತ್ತೊಬ್ಬನನ್ನು ಕೇಳುವುದು ಧ್ವನಿಮುದ್ರಣದಲ್ಲಿ ಕೇಳಿಬರುತ್ತದೆ; ತಾನು ಹಾಗೆ ಮಾಡಲಿಲ್ಲವೆಂದು ಮತ್ತೊಬ್ಬನು ಉತ್ತರಿಸಿದನು.

ಕೇಳಿದವರಾರು, ಉತ್ತರಿಸಿದವರಾರು ಎಂಬುದನ್ನು ವರದಿ ಹೇಳಲಿಲ್ಲ. ಮಾತುಗಳನ್ನು ಆಡಿದಂತೆಯೇ ಕೊಡಲೂ ಇಲ್ಲ. ವ್ಯಾಕರಣದಲ್ಲಿ ಪರೋಕ್ಷ ಕಥನವೆನ್ನುವೆವಲ್ಲ, ಆ ಕ್ರಮದಲ್ಲಿ ಸಾರವನ್ನು ಮಾತ್ರ ಇಂಗ್ಲಿಷಿನಲ್ಲಿ ಒದಗಿಸಿತು. ನಮ್ಮ ಭಾಷೆಗೆ ಇದನ್ನು ತರಹೊರಟವನು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ. ‘ಏಕೆ ಕಡಿದೆ?’ ಎನ್ನಬೇಕೆ, ‘ಏಕೆ ಕಡಿದಿರಿ?’ ಎನ್ನಬೇಕೆ? ಒಬ್ಬರು ಸಾವಿರಾರು ಗಂಟೆ ಹಾರಿದ ಹಿರಿಯ ಕ್ಯಾಪ್ಟನ್, ಇನ್ನೊಬ್ಬರು ಅವರಿಗಿಂತ ಬಹಳ ಕಿರಿಯ ಸಹಚಾಲಕ. ಕನ್ನಡದಲ್ಲಿ ಆ ಒಂದು ಪ್ರತ್ಯಯವೇ ಪ್ರಶ್ನೆ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂಬುದನ್ನು ಹೇಳಿಬಿಡುತ್ತಿತ್ತು. ಪರೋಕ್ಷ ಕಥನ ಅದನ್ನು ಮುಚ್ಚಿಟ್ಟಿತು. ಮುಚ್ಚಿಟ್ಟ ಸ್ಥಳವನ್ನು ತುಂಬಲು ಜಗತ್ತೆಲ್ಲ ಧಾವಿಸಿತು. ಕೆಲವೇ ದಿನಗಳಲ್ಲಿ ವಿದೇಶೀ ಪತ್ರಿಕೆಗಳು ಹಿರಿಯ ಚಾಲಕನತ್ತ ಬೆರಳು ತೋರಿದುವು. ಆತ್ಮಹತ್ಯೆಯೆಂಬ ಮಾತು ಎಗ್ಗಿಲ್ಲದೆ ಬಳಕೆಗೆ ಬಂದಿತು.

ಈ ಎರಡು ವಾಕ್ಯಗಳು ವೈಮಾನಿಕರ ಮನಸ್ಸಿನ ಮೇಲೆ ಮಾಡಿದ ಪರಿಣಾಮ ಇನ್ನೊಂದು ಬಗೆಯದು. ಪ್ರಸ್ತುತ ಲೇಖನದ ವಿಷಯ ಅದೇ. ಭಾರತದ ವಾಣಿಜ್ಯ ಪೈಲಟ್ಟರ ಸಂಘ ಈ ಊಹಾಪೋಹವನ್ನು ಬೇಜವಾಬ್ದಾರಿಯದೆಂದು ಖಂಡಿಸಿತು. ಪೈಲಟ್ಟರ ಒಕ್ಕೂಟ ಎರಡು ವಿದೇಶೀ ಸುದ್ದಿಸಂಸ್ಥೆಗಳಿಗೆ ವಕೀಲರ ನೋಟೀಸು ಕಳಿಸಿತು. ಇದನ್ನು ಕಂಡು, ‘ತಮ್ಮ ಕುಲದವರನ್ನು ತಾವು ಕಾಯ್ದುಕೊಳ್ಳುತ್ತಿದ್ದಾರೆ’ ಎಂದವರುಂಟು. ಹಾಗೆ ಎನ್ನುವುದು ಸುಲಭ. ಆದರೆ ವರದಿ ಬರುವುದಕ್ಕೆ ಬಹಳ ಮುಂಚೆಯೇ, ದುರಂತದ ನಾಲ್ಕನೆಯ ದಿನವಾದ ಜೂನ್ 16ರಂದು, ಏರ್ ಇಂಡಿಯಾದ 112 ಮಂದಿ ಪೈಲಟ್ಟರು ಅಸ್ವಸ್ಥರೆಂದು ರಜೆ ಕೇಳಿದ್ದರು. ಅವರಲ್ಲಿ 51 ಮಂದಿ ಕಮಾಂಡರುಗಳು. ಲೋಕಸಭೆಯಲ್ಲಿ ಸಚಿವರು ಕೊಟ್ಟ ಲೆಕ್ಕವಿದು. ರಜೆಯಲ್ಲಿ ಅಲ್ಪ ಹೆಚ್ಚಳವಾಗಿತ್ತೆಂದಷ್ಟೇ ಸರ್ಕಾರದ ಮಾತು. ಅಂದು ಯಾರ ಮೇಲೂ ಆರೋಪವಿರಲಿಲ್ಲ, ಕಾಯ್ದುಕೊಳ್ಳಬೇಕಾದ ಕುಲವೂ ಇರಲಿಲ್ಲ.

ಚಾಲಕರ ಕೋಣೆಯ ಮಾತು ನಮ್ಮ ನಿಮ್ಮ ಮಾತಿನಂತಲ್ಲ. ಅದರ ಬಹುಭಾಗ ಪೂಜೆಯ ಮಂತ್ರದಂತೆ ನಿಗದಿಯಾದುದು. ವೇಗ ಇಷ್ಟಾಯಿತೆಂದು ಒಬ್ಬ ಕೂಗಬೇಕು, ಮೂತಿಯನ್ನು ಎತ್ತೆಂದು ಹೇಳಬೇಕು, ವಿಮಾನ ಏರುತ್ತಿದೆಯೆಂದು ಸಾರಬೇಕು, ಚಕ್ರಗಳನ್ನು ಒಳಗೆಳೆದುಕೊಳ್ಳೆಂದು ಮತ್ತೊಬ್ಬ ಆಜ್ಞಾಪಿಸಬೇಕು. ಲೋಕದಲ್ಲಿ ದಿನವೂ ಸಾವಿರಾರು ವಿಮಾನಗಳು ಏಳುವಾಗ ಇದೇ ಮಾತು, ಇದೇ ಕ್ರಮ. ಆದ್ದರಿಂದ ಮಡಿದವರ ಧ್ವನಿಲೇಖವನ್ನು ಓದುವ ಪೈಲಟ್ಟಿಗೆ ಅದರ ಮೊದಲ ಪುಟಗಳು ಅನ್ಯರ ಕಥೆಯಾಗಿರುವುದಿಲ್ಲ. ಅವು ತಾನು ನಿನ್ನೆ ಆಡಿದ ಮಾತುಗಳು, ನಾಳೆ ಆಡಲಿರುವ ಮಾತುಗಳು. ಯಾವುದೋ ಒಂದು ಸಾಲಿನಲ್ಲಿ ಕ್ರಮ ತಪ್ಪುತ್ತದೆ. ಬರಬೇಕಾದ ಮಾತು ಬರುವುದಿಲ್ಲ, ಬರಬಾರದ ಒಂದು ಪ್ರಶ್ನೆ ಬರುತ್ತದೆ. ಅಹಮದಾಬಾದಿನ ವಿಮಾನದಲ್ಲಿ ಸ್ವಿಚ್ಚುಗಳು ಕಡಿದುದು ನೆಲ ಬಿಟ್ಟ ಮೂರು ನಾಲ್ಕು ಸೆಕೆಂಡುಗಳಲ್ಲಿ. ಚಕ್ರಗಳ ಆಜ್ಞೆ ಕೇಳಿಬರುವ ಹೊತ್ತು ಅದು. ಸಾಮಾನ್ಯ ಓದುಗನು ‘ತಪ್ಪು ಯಾರದು?’ ಎಂದು ಹುಡುಕುತ್ತಿರುವಾಗ ಪೈಲಟ್ಟು ‘ಆ ಆಸನದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ?’ ಎಂದು ಎಣಿಸುತ್ತಿರುತ್ತಾನೆ. ಈ ಎರಡು ಓದುಗಳೂ ಒಂದೇ ಪುಟದವಾದರೂ ಒಂದೇ ಅಲ್ಲ.

ತನಿಖೆಯ ಕೊಠಡಿಗೆ ಹೋಗಿ ಕೇಳುವವರ ಪಾಡು ಮತ್ತೂ ಕಠಿನ. ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸುವಾಗ ಯಾರ ಧ್ವನಿ ಯಾವುದೆಂದು ಗುರುತಿಸಲು ಸತ್ತವರನ್ನು ಬಲ್ಲವರೇ ಬೇಕಾಗುತ್ತಾರೆ. ಬಲ್ಲವರೆಂದರೆ ಜೊತೆಯಲ್ಲಿ ಹಾರಿದವರು, ತರಬೇತು ಕೊಟ್ಟವರು. ಮಾತು ಮಾತ್ರವಲ್ಲ, ಉಸಿರು, ಕುರ್ಚಿ ಸರಿದ ಸದ್ದು, ಸ್ವಿಚ್ಚಿನ ಟಕ್ಕು, ಎಚ್ಚರಿಕೆಯ ಗಂಟೆ—ಎಲ್ಲವೂ ಅದರಲ್ಲಿ ಅಡಗಿರುತ್ತವೆ. ಒಂದೊಂದು ಪದಕ್ಕಾಗಿ ಹತ್ತು ಹದಿನೈದು ಸಲ ತಿರುಗಿಸಿ ಹಾಕಿ ಕೇಳಬೇಕು.

ಈ ಯಂತ್ರ ಹುಟ್ಟಿದಾಗಲೇ ವೈಮಾನಿಕರು ಅದನ್ನು ಅಂಜಿಕೆಯಿಂದ ನೋಡಿದರು. ಕಾಮೆಟ್ ಎಂಬ ಜೆಟ್ ವಿಮಾನಗಳು ಕಾರಣ ತಿಳಿಯದೆ ಒಂದರ ಹಿಂದೊಂದು ಉದುರುತ್ತಿದ್ದ ಕಾಲ. 1953ರ ಮೇ 2ರಂದು ಕಲ್ಕತ್ತೆಯ ಬಳಿ ಬಿರುಗಾಳಿ ಮಳೆಯಲ್ಲಿ 43 ಮಂದಿಯೊಡನೆ ಬಿದ್ದುದೂ ಅವುಗಳಲ್ಲೊಂದು. ಕಾಮೆಟ್ಟಿನ ತನಿಖೆಯಲ್ಲಿ ತೊಡಗಿದ್ದ ಡೇವಿಡ್ ವಾರೆನ್ ಎಂಬ ಆಸ್ಟ್ರೇಲಿಯದ ತರುಣ ವಿಜ್ಞಾನಿಗೆ, ಬೀಳುವ ಮುನ್ನ ಚಾಲಕರು ಏನು ಮಾತನಾಡಿಕೊಂಡರೆಂಬುದು ಗೊತ್ತಾದರೆ ಅರ್ಧ ಕಗ್ಗಂಟು ಬಿಚ್ಚಿದಂತೆಯೇ ಎಂಬ ಯೋಚನೆ ಹೊಳೆಯಿತು. ಅವನ ತಂದೆಯೇ 1934ರಲ್ಲಿ ವಿಮಾನದೊಡನೆ ಸಮುದ್ರದಲ್ಲಿ ಕಾಣೆಯಾಗಿದ್ದರು. ಆಗ ಹುಡುಗನಿಗೆ ಒಂಬತ್ತು ವರ್ಷ. ಉಕ್ಕಿನ ತಂತಿಯ ಮೇಲೆ ನಾಲ್ಕು ಗಂಟೆಗಳ ಮಾತನ್ನು ಹಿಡಿಯುವ ಯಂತ್ರವನ್ನು ಅವನು ಮಾಡಿ ತೋರಿಸಿದನು. ಸ್ವದೇಶದಲ್ಲಿ ಯಾರೂ ಬೇಕೆನ್ನಲಿಲ್ಲ. ಅದರಿಂದ ದೊರೆಯುವುದು ವಿವರಣೆಗಿಂತ ಬೈಗುಳವೇ ಹೆಚ್ಚೆಂದು ವಾಯುಸೇನೆಯವರು ನಕ್ಕರಂತೆ. ದೊಡ್ಡಣ್ಣ ಕದ್ದು ಕೇಳುವ ವಿಮಾನ ಯಾವುದೂ ನೆಲ ಬಿಟ್ಟು ಏಳದೆಂದು ಪೈಲಟ್ಟರ ಸಂಘ ಗುಡುಗಿತು. ಕಡೆಗೆ 1960ರಲ್ಲಿ ಕ್ವೀನ್ಸ್‌ಲೆಂಡಿನ ಮ್ಯಾಕೆಯಲ್ಲಿ 29 ಮಂದಿಯ ಸಾವಿಗೆ ಕಾರಣ ತಿಳಿಯದೆ ಹೋದಾಗ, ವಿಚಾರಣೆ ನಡೆಸಿದ ನ್ಯಾಯಮೂರ್ತಿಗಳು ಇಂತಹ ಯಂತ್ರವಿರಬೇಕೆಂದರು.

ಪೈಲಟ್ಟರು ಕ್ರಮೇಣ ಒಪ್ಪಿದುದು ಒಂದು ಕರಾರಿನ ಮೇಲೆ. ಕೇಳಿದುದೆಲ್ಲವೂ ಮುಂದಿನ ಸಾವನ್ನು ತಪ್ಪಿಸಲು ಮಾತ್ರ ಬಳಕೆಯಾಗಬೇಕು, ಬೇರಾವುದಕ್ಕೂ ಅಲ್ಲ. ಅಂತರರಾಷ್ಟ್ರೀಯ ಒಪ್ಪಂದದ 13ನೆಯ ಅನುಬಂಧದಲ್ಲಿ ಈ ಕರಾರು ಇಂದಿಗೂ ಇದೆ. ಅಪಘಾತದ ವಿಶ್ಲೇಷಣೆಗೆ ಸಂಬಂಧಪಡದ ಭಾಗವನ್ನು ಹೊರಗೆಡಹಕೂಡದು. ಬರೆದಿಟ್ಟ ಕರಾರೆಲ್ಲ ನಡೆಯುವುದಾಗಿದ್ದರೆ ವಕೀಲರಿಗೆ ಕೆಲಸವಿರುತ್ತಿರಲಿಲ್ಲ.

ಅಮೆರಿಕದ ಡಲ್ಲಾಸಿನಲ್ಲಿ 1988ರ ಆಗಸ್ಟ್ 31ರಂದು ನಡೆದುದನ್ನು ನೋಡಿ. ಹಾರಲು ಸರದಿ ಕಾಯುತ್ತಿದ್ದ ಡೆಲ್ಟಾ ವಿಮಾನದ ಚಾಲಕರು ಹರಟೆಗೆ ಕುಳಿತರು. ಹಿಂದಿನ ವರ್ಷ ಡೆನ್ವರಿನಲ್ಲಿ ಬಿದ್ದ ವಿಮಾನದ ಚಾಲಕರು ಗಗನಸಖಿಯರ ಪ್ರಣಯದ ವಿಚಾರ ಮಾತಾಡುತ್ತಿದ್ದುದು ಪತ್ರಿಕೆಗಳ ಪಾಲಾಗಿತ್ತಲ್ಲ, ಅದನ್ನೇ ನೆನೆದು, ನಾವೂ ಬಿದ್ದರೆ ಪತ್ರಿಕೆಯವರಿಗೆ ರಸಗವಳ ಸಿಗಲೆಂದು ನಗೆಯಾಡಿದರು. ಕೆಲವೇ ನಿಮಿಷಗಳಲ್ಲಿ, ರೆಕ್ಕೆಯ ಫ್ಲ್ಯಾಪುಗಳನ್ನು ಇಳಿಸದೆಯೇ ಹೊರಟು, ಬಿದ್ದರು. 14 ಮಂದಿ ಸತ್ತರು. ಆ ಮೂವರು ಬದುಕಿ ಉಳಿದರು. ತಮ್ಮ ನಗೆಮಾತು ಊರೆಲ್ಲ ಹರಡಿದುದನ್ನು ಕಣ್ಣಾರೆ ಕಂಡರು. ಅವರ ತಪ್ಪು ಸಣ್ಣದಲ್ಲ. ಆದರೂ ಅದರ ಸುತ್ತ ಎದ್ದ ಗದ್ದಲದ ಫಲವಾಗಿ 1990ರಲ್ಲಿ ಅಮೆರಿಕದ ಶಾಸನಸಭೆ, ಧ್ವನಿಮುದ್ರಣದ ಧ್ವನಿಯನ್ನು ತನಿಖಾಮಂಡಲಿಯು ಹೊರಗೆ ಬಿಡಕೂಡದೆಂದು ಕಾನೂನು ಮಾಡಿತು. ಬಿಡಬಹುದಾದುದು ಅಕ್ಷರ ಮಾತ್ರ. ಇದರಿಂದ ಸತ್ತವರ ಮಾನ ಉಳಿಯಿತೆಂದು ಎಲ್ಲರೂ ನೆಮ್ಮದಿ ತಾಳಿದರು. ನನಗೆ ಮಾತ್ರ, ಅಕ್ಷರ ಸೌಮ್ಯವಾದುದು, ಧ್ವನಿ ಕ್ರೂರವಾದುದು ಎಂಬ ಈ ನಂಬಿಕೆಯಲ್ಲಿಯೇ ಏನೋ ಎಡವಟ್ಟಿದೆಯೆಂದು ಅನ್ನಿಸುತ್ತದೆ.

ನಮ್ಮ ಮಂಗಳೂರಿನ ಉದಾಹರಣೆಯನ್ನು ಮರೆತವರಿಲ್ಲ. 2010ರ ಮೇ 22ರ ಬೆಳಗಿನ ಆರು ಗಂಟೆಯ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇಯನ್ನು ದಾಟಿ ಕೆಂಜಾರಿನ ಕಮರಿಗೆ ಉರುಳಿತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಧ್ವನಿಮುದ್ರಣದಲ್ಲಿದ್ದುದು ಎರಡು ಗಂಟೆ ಐದು ನಿಮಿಷಗಳ ಅವಧಿ. ಅದರ ಬಹುಪಾಲು ಮೌನ, ಆ ಮೌನದಲ್ಲಿ ಕ್ಯಾಪ್ಟನ್ನರ ಗೊರಕೆ. ವಿಚಾರಣಾ ನ್ಯಾಯಾಲಯದ ವರದಿಯಲ್ಲಿ ಇದು ಅಚ್ಚಾದ ದಿನದಿಂದ ಆ ದುರಂತಕ್ಕೆ ‘ಗೊರಕೆ’ ಎಂಬುದೇ ಹೆಸರಾಯಿತು. ನಿದ್ದೆಯ ಜಡ ಕಳೆಯುವ ಮೊದಲೇ ವಿಮಾನವನ್ನು ಇಳಿಸಹೊರಟುದು, ಅತಿ ಎತ್ತರದಲ್ಲಿದ್ದು ಕಡಿದಾಗಿ ಕೆಳಗೆ ನುಗ್ಗಿದುದು, ಸಹಚಾಲಕರು ಮೂರು ಬಾರಿ ‘ಗೋ ಅರೌಂಡ್’ ಎಂದರೂ ಕೇಳದೆ ಮುಂದುವರಿದುದು—ತಪ್ಪು ಕ್ಯಾಪ್ಟನ್ನರದೆಂದು ವರದಿ ನಿಸ್ಸಂದಿಗ್ಧವಾಗಿ ಹೇಳುತ್ತದೆ. ಅದೇ ವರದಿ ಮತ್ತೂ ಒಂದನ್ನು ಹೇಳುತ್ತದೆ: ಅಂದು ಮಂಗಳೂರಿನ ರೆಡಾರು ಕೆಟ್ಟು ಕುಳಿತಿತ್ತು, ಆ ಕಾರಣದಿಂದ ಕೆಳಗಿಳಿಯುವ ಅನುಮತಿ ವಿಮಾನಕ್ಕೆ ಸಿಕ್ಕಿದುದು ತೀರ ಹತ್ತಿರ ಬಂದ ಮೇಲೆ. ಗೊರಕೆಯನ್ನು ನೆನಪಿಟ್ಟುಕೊಂಡ ನಾವು ರೆಡಾರನ್ನು ನೆನಪಿಟ್ಟುಕೊಂಡಿದ್ದೇವೆಯೆ?

ರಾತ್ರಿಯೆಲ್ಲ ಹಾರಿ ಬೆಳಗಿನ ಜಾವಕ್ಕೆ ಇಳಿಯುವವನಿಗೆ ಆ ಗೊರಕೆ ನಗೆಯ ವಸ್ತುವಲ್ಲ, ಕೇವಲ ನಿಂದೆಯ ವಸ್ತುವೂ ಅಲ್ಲ. ದೇಹದ ಶಕ್ತಿ ತಳ ಮುಟ್ಟುವ ಆ ಹೊತ್ತು ಅವನಿಗೆ ಪರಿಚಿತವಾದುದು. ರೆಪ್ಪೆ ಎಷ್ಟು ಭಾರವೆಂಬುದನ್ನು ಅವನು ಬಲ್ಲ. ಆದುದರಿಂದಲೇ ಅವನ ನಾಚಿಕೆಯಲ್ಲಿ ಭಯವೂ ಕಲೆತಿರುತ್ತದೆ. ಇನ್ನು ಬಲಗಡೆಯ ಆಸನದಲ್ಲಿ ಕುಳಿತು, ಹಿರಿಯನನ್ನು ಮೀರಲಾರದೆ, ‘ಇನ್ನು ರನ್‌ವೇ ಉಳಿದಿಲ್ಲ’ ಎಂಬರ್ಥದ ಮಾತನ್ನು ಕಡೆಯಲ್ಲಿ ಹೇಳಿದ ಆ ಸಹಚಾಲಕರು! ಕಿರಿಯ ಪೈಲಟ್ಟರು ಈ ಲೇಖವನ್ನು ಓದುವಾಗ ಅಲ್ಲಿಗೆ ಬಂದು ನಿಲ್ಲದೆ ಇರಲಾರರು. ಮೂರು ಸಲ ಹೇಳಿದ್ದರು. ಯಾವ ಸ್ವರದಲ್ಲಿ ಹೇಳಿದರು? ವಿನಯದಿಂದಲೋ, ಆತಂಕದಿಂದಲೋ, ಗದರಿಸಿಯೋ? ಅಚ್ಚಿನಲ್ಲಿ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ.

ನಮ್ಮ ಆಲಂಕಾರಿಕರಲ್ಲಿ ಇದಕ್ಕೊಂದು ಹೆಸರಿದೆ: ಕಾಕು. ಭರತನ ನಾಟ್ಯಶಾಸ್ತ್ರದಲ್ಲಿಯೇ ಕಾಕುವಿನ ವಿಚಾರ ಬಂದಿದೆ. ಮುಂದಿನವರು ಅದನ್ನು ವಕ್ರೋಕ್ತಿಯ ಒಂದು ಭೇದವಾಗಿಯೂ ಎಣಿಸಿದರು. ಪದಗಳು ಅವೇ, ಧ್ವನಿಯ ಏರಿಳಿತದಿಂದ ಅರ್ಥವೇ ತಲೆಕೆಳಗಾಗುತ್ತದೆ. ‘ಅವನು ಬರುತ್ತಾನೆ’ ಎಂಬುದು ಭರವಸೆಯಾಗಬಹುದು, ಬೆದರಿಕೆಯಾಗಬಹುದು, ಎಲ್ಲಿ ಬರುತ್ತಾನೆಂಬ ನಿರಾಶೆಯೂ ಆಗಬಹುದು. ಒಂದೇ ಷಟ್ಪದಿಯನ್ನು ಇಬ್ಬರು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಧ್ವನಿಯನ್ನು ಬಚ್ಚಿಟ್ಟು ಅಕ್ಷರವನ್ನು ಮಾತ್ರ ಬಿಟ್ಟುಕೊಡುವ ಕಾನೂನು ಈ ಕಾಕುವನ್ನೇ ಕಳೆದುಬಿಡುತ್ತದೆ.

ಜಪಾನಿನ ಒಂದು ದೃಷ್ಟಾಂತ ಇದಕ್ಕೆ ಸಾಕ್ಷಿ. 1985ರ ಆಗಸ್ಟ್ 12ರಂದು ಟೋಕಿಯೋದಿಂದ ಒಸಾಕಕ್ಕೆ ಹೊರಟ ಜಪಾನ್ ಏರ್‌ಲೈನ್ಸಿನ ಜಂಬೋ ವಿಮಾನದ ಹಿಂಬದಿಯ ಗೋಡೆ ಆಕಾಶದಲ್ಲಿ ಒಡೆದು, ಬಾಲದ ಬಹುಭಾಗ ಕಿತ್ತುಹೋಗಿ, ಚುಕ್ಕಾಣಿಗಳನ್ನು ತಿರುಗಿಸುವ ತೈಲವೆಲ್ಲ ಸೋರಿಹೋಯಿತು. ಕ್ಯಾಪ್ಟನ್ ತಕಹಾಮಾ ಮತ್ತು ಅವರ ಸಂಗಡಿಗರು ಎಂಜಿನ್ನುಗಳ ವೇಗವನ್ನು ಹೆಚ್ಚಿಸಿ ತಗ್ಗಿಸಿ, ಅರ್ಧ ಗಂಟೆಗೂ ಮೀರಿ ಆ ಮೊಂಡು ವಿಮಾನವನ್ನು ಗಾಳಿಯಲ್ಲಿ ತಡೆದರು. ಕೊನೆಗೆ ಬೆಟ್ಟಕ್ಕೆ ಬಡಿಯಿತು. 524 ಮಂದಿಯಲ್ಲಿ 520 ಮಂದಿ ಸತ್ತರು. ದೋಷವಿದ್ದುದು ಏಳು ವರ್ಷ ಹಿಂದೆ ಆ ಗೋಡೆಗೆ ಮಾಡಿದ್ದ ತಪ್ಪು ದುರಸ್ತಿಯಲ್ಲಿ. 1987ರಲ್ಲಿ ವರದಿ ಬಂದಾಗ ಅದರೊಡನೆ ಚಾಲಕರ ಮಾತುಗಳೂ ಅಚ್ಚಾದುವು. ಅವುಗಳಲ್ಲಿ ಕ್ಯಾಪ್ಟನ್ನರದೊಂದು ಮಾತಿತ್ತು. ‘ಒಂದು ಕೈ ನೋಡಿಯೇ ಬಿಡೋಣ’ ಎಂದು ಕನ್ನಡಿಸಬಹುದು. ಐನೂರಿಪ್ಪತ್ತು ಜೀವಗಳು ತೂಗಾಡುತ್ತಿರುವಾಗ ಇಂತಹ ಚೆಲ್ಲು ಮಾತೇ ಎಂದು ಸತ್ತವರ ಮನೆಯವರು ಕೆರಳಿದರು. ಕ್ಯಾಪ್ಟನ್ನರ ಕುಟುಂಬದವರೂ ಜನರ ಕೋಪಕ್ಕೆ ಗುರಿಯಾಗಿದ್ದರು.

2000ದ ಹೊತ್ತಿಗೆ ಆ ಧ್ವನಿಸುರುಳಿಯ ಪ್ರತಿ ಹೇಗೋ ಹೊರಬಿದ್ದು ಜಪಾನಿನ ದೂರದರ್ಶನಗಳಲ್ಲಿ ಬಿತ್ತರಗೊಂಡಿತು. ಕಾಯಿದೆಯ ದೃಷ್ಟಿಯಲ್ಲಿ ಇದು ಅಕ್ರಮವೇ. ಆದರೆ ಆ ಮಾತನ್ನು ಕಿವಿಯಾರೆ ಕೇಳಿದ ಜನಕ್ಕೆ ಅದು ಬೇರೆಯೇ ಆಗಿ ಕೇಳಿಸಿತು. ಅಲ್ಲಿ ಉಡಾಫೆಯಿರಲಿಲ್ಲ. ಎದೆಗೆಡುತ್ತಿದ್ದ ಸಂಗಡಿಗರನ್ನು ಹುರಿದುಂಬಿಸುತ್ತಿದ್ದ ಒಬ್ಬ ಹಿರಿಯನ ಒಡೆದ ಕಂಠವಿತ್ತು. ‘ಧೈರ್ಯ ತಂದುಕೋ’ ಎಂಬ ಮಾತೂ ಅದೇ ಕಂಠದಿಂದ ಬಂದಿತ್ತು. ಅಚ್ಚಾದ ಅಕ್ಷರ ಹದಿಮೂರು ವರ್ಷ ಕಾಲ ಹೊರಿಸಿದ್ದ ಅಪವಾದವನ್ನು ಕಾಕು ಕೆಲವು ನಿಮಿಷಗಳಲ್ಲಿ ಕಳೆಯಿತು.

ಹಾಗಾದರೆ ಎಲ್ಲ ಧ್ವನಿಯನ್ನೂ ಬೀದಿಗೆ ಬಿಡಬೇಕೆ? ಅದೂ ನನಗೆ ಒಪ್ಪಿಗೆಯಿಲ್ಲ. 1978ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಬಿದ್ದ ವಿಮಾನದ ಲೇಖದ ಕೊನೆಯಲ್ಲಿ ಯಾರೋ ತಾಯಿಯನ್ನು ಕರೆದು ನಿನ್ನ ಮೇಲೆ ಪ್ರೀತಿಯೆಂದ ಮಾತಿದೆ. ಅದು ಆ ತಾಯಿಗೆ ಸೇರಿದ ಮಾತು. ಅದನ್ನು ಕೇಳುವ ಹಕ್ಕು ನನಗೆ ಎಲ್ಲಿಂದ ಬರಬೇಕು?

ಪೈಲಟ್ಟರು ಇಂತಹ ಮುದ್ರಣಗಳನ್ನು ಕೇಳಲು ಒಲ್ಲರೆಂದು ತಿಳಿಯಬಾರದು. 1977ರ ಮಾರ್ಚ್ 27ರಂದು ಟೆನೆರೀಫಿನಲ್ಲಿ ಮಂಜಿನ ನಡುವೆ ಎರಡು ಜಂಬೋ ವಿಮಾನಗಳು ಢಿಕ್ಕಿಯಾಗಿ 583 ಮಂದಿ ಸತ್ತರಷ್ಟೆ. ಆ ರನ್‌ವೇ ಇನ್ನೂ ತೆರವಾಗಿಲ್ಲವೇ ಎಂದು ಶಂಕಿಸಿದ ಕಿರಿಯನ ಮಾತನ್ನು ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದುದು ಧ್ವನಿಲೇಖದಿಂದಲೇ ತಿಳಿಯಿತು. ಕಿರಿಯನು ಹೇಳಬೇಕು, ಹಿರಿಯನು ಕೇಳಬೇಕು ಎಂಬ ತರಬೇತಿಯ ಕ್ರಮ ಬೆಳೆಯಲು ಅದೊಂದು ದೊಡ್ಡ ಕಾರಣ. ಅಯೋವದ ಸೂ ಸಿಟಿಯಲ್ಲಿ 1989ರಲ್ಲಿ, ಜಪಾನಿನ ವಿಮಾನದಂತೆಯೇ ಚುಕ್ಕಾಣಿಗಳನ್ನೆಲ್ಲ ಕಳೆದುಕೊಂಡ ಯುನೈಟೆಡ್ ವಿಮಾನವನ್ನು ಕ್ಯಾಪ್ಟನ್ ಆಲ್ ಹೇನ್ಸ್ ತಂದು ನೆಲಕ್ಕೆ ಮುಟ್ಟಿಸಿದರು. 112 ಮಂದಿ ಸತ್ತರು, 184 ಮಂದಿ ಉಳಿದರು. ಯಾವ ರನ್‌ವೇಗಾದರೂ ಇಳಿಯಬಹುದೆಂದು ಕೆಳಗಿನವರು ಅಪ್ಪಣೆ ಕೊಟ್ಟಾಗ, ರನ್‌ವೇಯೇ ಆಗಬೇಕೆಂಬ ಹಟವೋ ನಿಮಗೆ ಎಂಬಂತೆ ಹೇನ್ಸ್ ನಕ್ಕರು. ಆ ನಗೆ ಡಲ್ಲಾಸಿನ ನಗೆಯಲ್ಲ. ಆದರೂ ಅಚ್ಚಿನಲ್ಲಿ ಎರಡೂ ನಗೆಗಳೇ. ಹೇನ್ಸ್ ಬದುಕಿ ಉಳಿದು, 2019ರಲ್ಲಿ ತೀರಿಕೊಳ್ಳುವವರೆಗೆ ಊರೂರಿಗೆ ಹೋಗಿ ಆ ದಿನದ ಕಥೆಯನ್ನು ಹೇಳುತ್ತಿದ್ದರು. ಕಾಕುವನ್ನು ತಾವೇ ಒದಗಿಸುವ ಭಾಗ್ಯ ಅವರದು.

1999ರಲ್ಲಿ ನ್ಯೂಯಾರ್ಕಿನ ಒಂದು ಸಣ್ಣ ರಂಗತಂಡ ‘ಚಾರ್ಲಿ ವಿಕ್ಟರ್ ರೋಮಿಯೋ’ ಎಂಬ ನಾಟಕವನ್ನು ಕಟ್ಟಿತು. ಸ್ವಂತ ಸಂಭಾಷಣೆ ಅದರಲ್ಲಿಲ್ಲ. ಆರು ದುರ್ಘಟನೆಗಳ ಧ್ವನಿಲೇಖಗಳನ್ನೇ ನಟರು ಆಡಿ ತೋರಿಸುತ್ತಾರೆ. ತಕಹಾಮಾ, ಹೇನ್ಸ್ ಇಬ್ಬರ ವಿಮಾನಗಳೂ ಅದರಲ್ಲಿವೆ. ಸತ್ತವರನ್ನು ರಂಗಕ್ಕೆ ಎಳೆದುದಕ್ಕಾಗಿ ಪೈಲಟ್ಟರು ಮುನಿಯುವರೆಂದು ಯಾರಾದರೂ ಎಣಿಸಬಹುದಿತ್ತು. ಆದುದು ಬೇರೆ: ಅಮೆರಿಕದ ವಾಯುಸೇನೆ ಆ ನಾಟಕವನ್ನು ಚಿತ್ರೀಕರಿಸಿ ತನ್ನ ವೈಮಾನಿಕರ ತರಬೇತಿಗೆ ಬಳಸಿಕೊಂಡಿತು. ನಟನು ಯಾವುದೋ ಒಂದು ಸ್ವರವನ್ನು ಆರಿಸಿಕೊಂಡೇ ಮಾತಾಡಬೇಕಷ್ಟೆ. ಆ ಕೋಣೆಯಲ್ಲಿ ಮನುಷ್ಯರಿದ್ದರೆಂಬುದನ್ನು ಆ ಸ್ವರ ನೆನಪಿಗೆ ತರುತ್ತದೆ.

ಅಹಮದಾಬಾದಿಗೆ ಮರಳೋಣ. ಹಿರಿಯ ಕ್ಯಾಪ್ಟನ್ನರ ತಂದೆ, ತೊಂಬತ್ತು ದಾಟಿದ ವೃದ್ಧರು, ಮಗನ ಹೆಸರಿಗೆ ಮೆತ್ತಿದ ಮಸಿಯನ್ನು ತೊಳೆಯಲು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2025ರ ನವೆಂಬರಿನಲ್ಲಿ ನ್ಯಾಯಮೂರ್ತಿಗಳು, ಈ ಹೊರೆಯನ್ನು ನೀವು ಹೊರಬೇಕಾಗಿಲ್ಲವೆಂದೂ ತಪ್ಪು ಪೈಲಟ್ಟನದೆಂದು ಈ ದೇಶದಲ್ಲಿ ಯಾರೂ ನಂಬಿಲ್ಲವೆಂದೂ ಅವರಿಗೆ ಸಮಾಧಾನ ಹೇಳಿದರು. ದೊಡ್ಡ ಮಾತು, ಆದರೆ ನ್ಯಾಯಾಲಯ ಹೀಗೆ ಸಾಂತ್ವನ ಹೇಳಬೇಕಾಗಿ ಬಂದುದು ಎರಡು ಅರೆಬರೆ ವಾಕ್ಯಗಳಿಂದ ಎಂಬುದನ್ನು ಮರೆಯಲಾಗದು. ತನಿಖೆಯ ಕೊನೆಗೆ ತಪ್ಪು ಮನುಷ್ಯನದೆಂದೇ ತೋರಬಹುದು, ಯಂತ್ರದ್ದೆಂದೂ ತೋರಬಹುದು. ಪೈಲಟ್ಟರ ಸಂಘಗಳ ಕೋಪದಲ್ಲಿ ಪಕ್ಷಪಾತವೂ ಇಲ್ಲದಿಲ್ಲ. ಆದರೂ ಅವರು ಎತ್ತಿದ ಆಕ್ಷೇಪದ ತಿರುಳು ನ್ಯಾಯವಾದುದು.

ಇಂತಹ ಸಂದರ್ಭದಲ್ಲಿ ತನಿಖೆಯವರ ಮುಂದೆ ಎರಡು ದಾರಿಗಳಿವೆ. ಮೂವತ್ತು ದಿನಗಳ ಪ್ರಾಥಮಿಕ ವರದಿಯಲ್ಲಿ ಸಂಭಾಷಣೆಯ ಸುದ್ದಿಯನ್ನೇ ಎತ್ತದೆ, ಯಂತ್ರಗಳು ದಾಖಲಿಸಿದುದನ್ನು ಮಾತ್ರ ಹೇಳಿ, ಉಳಿದುದನ್ನು ಅಂತಿಮ ವರದಿಗೆ ಬಿಡುವುದು ಒಂದು. ಹೇಳಲೇಬೇಕಾದರೆ, ಆಡಿದ ಮಾತನ್ನು ಆಡಿದಂತೆಯೇ, ಆಡಿದವರ ಗುರುತಿನೊಡನೆ, ಹಿಂದುಮುಂದಿನ ಮಾತುಗಳೊಡನೆ ಕೊಡುವುದು ಇನ್ನೊಂದು. ಸಾರಾಂಶದ ನಡುದಾರಿ ಸತ್ತವರ ಮಾನವನ್ನೂ ಕಾಯಲಿಲ್ಲ, ಬದುಕಿದವರ ಸಂಶಯವನ್ನೂ ತೀರಿಸಲಿಲ್ಲ.

ಈಗ ಚಾಲಕರ ಕೋಣೆಗೆ ಕ್ಯಾಮರಾ ಹಾಕಬೇಕೆಂಬ ಕೂಗು ಮತ್ತೆ ಎದ್ದಿದೆ; ಅಂತರರಾಷ್ಟ್ರೀಯ ವಿಮಾನಸಾರಿಗೆ ಸಂಘದ ಮುಖ್ಯಸ್ಥರೇ 2025ರ ಜುಲೈನಲ್ಲಿ ಅದರ ಪರವಾಗಿ ಮಾತನಾಡಿದರು. ಧ್ವನಿಯನ್ನು ಹಿಡಿದಿಡುವ ಅವಧಿಯೂ ಎರಡು ಗಂಟೆಗಳಿಂದ 25 ಗಂಟೆಗಳಿಗೆ ಏರುತ್ತಿದೆ. ಕ್ಯಾಮರಾ ಇದ್ದಿದ್ದರೆ ಸ್ವಿಚ್ಚಿನ ಮೇಲಿದ್ದ ಕೈ ಯಾರದು, ಕೈ ಇತ್ತೇ ಇಲ್ಲವೇ ಎಂಬುದು ತಿಳಿಯುತ್ತಿತ್ತೆಂಬುದು ನಿಜ. ಪೈಲಟ್ಟರು ಬೇಡವೆನ್ನುತ್ತಾರೆ. ಒಂದು ಪ್ರಶ್ನೋತ್ತರದ ಸಾರಾಂಶವನ್ನು ಲೋಕ ಹೇಗೆ ಬಳಸಿಕೊಂಡಿತೆಂಬುದನ್ನು ಕಂಡವರು ಮುಖದ ಚಿತ್ರವನ್ನು ಒಪ್ಪಿಸಲು ಹಿಂಜರಿದರೆ ಆಶ್ಚರ್ಯಪಡಬೇಕಾಗಿಲ್ಲ.

ಆ ವರದಿಯನ್ನು ಮತ್ತೊಮ್ಮೆ ತೆರೆದು ನೋಡಿದೆ. ಸ್ವಿಚ್ಚುಗಳು ಮತ್ತೆ ‘ರನ್’ ಸ್ಥಾನಕ್ಕೆ ಬಂದ ಸೆಕೆಂಡುಗಳಿವೆ. ‘ಮೇಡೇ’ ಎಂದು ಕೂಗಿದ ಸೆಕೆಂಡು ಇದೆ. ಧ್ವನಿ ನಿಂತ ಸೆಕೆಂಡು ಇದೆ. ಆ ಪ್ರಶ್ನೆಯನ್ನು ಕೇಳಿದ ಹೊತ್ತು ಮಾತ್ರ ಎಲ್ಲಿಯೂ ಇಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತಿನ ಮೌನವಿತ್ತೆಂಬುದೂ ಇಲ್ಲ.